ಸತ್ತ ಲ್ಯಾಪ್‌ಟಾಪಿನ ಬದುಕಿರುವ ಡಿಸ್ಕು

“ಬೋರ್ಡ್ ಹೋಗಿದೆ ಸಾರ್. ಇದಕ್ಕೆ ಹಾಕೋ ದುಡ್ಡಿಗೆ ಇನ್ನೊಂದು ಸ್ವಲ್ಪ ಸೇರಿಸಿದ್ರೆ ಹೊಸದೇ ಬರುತ್ತೆ.” ಕಂಪ್ಯೂಟರ್ ರಿಪೇರಿ ಅಂಗಡಿಯಲ್ಲಿ ಈ ಮಾತು ಕೇಳಿಸಿಕೊಳ್ಳದವರು ಕಡಿಮೆ. ಮಾತು ಬಹುಮಟ್ಟಿಗೆ ನಿಜವೂ ಹೌದು. ಆಮೇಲೆ ಆ ಲ್ಯಾಪ್‌ಟಾಪ್ ಬ್ಯಾಗಿನ ಸಮೇತ ಮನೆಗೆ ವಾಪಸಾಗಿ ಅಟ್ಟ ಸೇರುತ್ತದೆ. ಮುಂದೊಂದು ದಿನ ಹಳೇ ಪೇಪರಿನವನ ತಕ್ಕಡಿಗೋ, ಹೊಸ ಟಿವಿ ಕೊಳ್ಳುವಾಗ ಎಕ್ಸ್‌ಚೇಂಜಿಗೋ ಹೋಗುತ್ತದೆ. ಹೋಗುವಾಗ ಅದರ ಹೊಟ್ಟೆಯಲ್ಲಿ 500 ಜಿಬಿಯದೋ ಒಂದು ಟಿಬಿಯದೋ ಹಾರ್ಡ್ ಡಿಸ್ಕ್ ಇರುತ್ತದೆ, ಅದರೊಳಗೆ ಮನೆಯವರ ಹತ್ತು ವರ್ಷದ ಫೋಟೊಗಳೂ ಇರುತ್ತವೆ.

ಲ್ಯಾಪ್‌ಟಾಪ್ ಕೆಡುವುದು ಸಾಮಾನ್ಯವಾಗಿ ಡಿಸ್ಕಿನಿಂದಲ್ಲ. ಹಿಂಜ್ ಮುರಿಯುತ್ತದೆ, ಬ್ಯಾಟರಿ ಉಬ್ಬುತ್ತದೆ, ಪರದೆಯ ಮೇಲೆ ಗೆರೆ ಮೂಡುತ್ತದೆ, ಕೀಲಿಮಣೆಗೆ ಕಾಫಿ ಬೀಳುತ್ತದೆ. ಏನೂ ಕೆಡದೆಯೂ ‘ಹಳೆಯದು’ ಆಗುವುದುಂಟು: 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಉಚಿತ ಬೆಂಬಲ ನಿಂತಿತು. ವಿಂಡೋಸ್ 11ಕ್ಕೆ ಟಿಪಿಎಂ 2.0 ಎಂಬ ಭದ್ರತಾ ಚಿಪ್ಪೂ ಇಂಟೆಲ್‌ನದಾದರೆ ಎಂಟನೇ ತಲೆಮಾರಿನಿಂದೀಚಿನ ಪ್ರೊಸೆಸರ್ರೂ ಬೇಕು. ಅಂದರೆ 2017ಕ್ಕಿಂತ ಹಿಂದಿನ ಯಂತ್ರಗಳೆಲ್ಲ ಅಧಿಕೃತವಾಗಿ ಸಾಲಿನಿಂದ ಹೊರಗೆ. ಅವುಗಳಲ್ಲಿ ಬಹುತೇಕ ಯಂತ್ರಗಳಲ್ಲಿರುವುದು ತಿರುಗುವ ಹಾರ್ಡ್ ಡಿಸ್ಕೇ. ಇನ್ನು ವೇಗಕ್ಕಾಗಿ ಎಸ್‌ಎಸ್‌ಡಿ ಹಾಕಿಸಿಕೊಂಡವರಿಗೆ ಅಂಗಡಿಯವರು ಹಳೆಯ ಡಿಸ್ಕನ್ನು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ಕೈಗೆ ಕೊಟ್ಟಿರುತ್ತಾರೆ. ಅದು ಇಂದಿಗೂ ಯಾವುದೋ ಡ್ರಾಯರಿನಲ್ಲಿ ಹಾಗೇ ಇದೆ.

ಆ ಡಿಸ್ಕನ್ನು ಕೆಲವೇ ನೂರು ರೂಪಾಯಿಯ ಕೇಸಿಂಗಿಗೆ ತೂರಿಸಿದರೆ ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕ್ ಸಿದ್ಧ. ಕೆಲಸ ಹತ್ತು ನಿಮಿಷದ್ದು. ಇಷ್ಟನ್ನು ಹೇಳಲು ಲೇಖನ ಬೇಕಿರಲಿಲ್ಲ. ಡಿಸ್ಕನ್ನು ಕೇಸಿಂಗಿಗೆ ಹಾಕುವುದು ಸುಲಭ. ಹಾಕಿದ ಮೇಲೆ ಅದಕ್ಕೆ ಯಾವ ಕೆಲಸ ಕೊಡಬೇಕು, ಯಾವುದನ್ನು ಕೊಡಲೇಬಾರದು ಎಂದು ತೀರ್ಮಾನಿಸುವಲ್ಲಿ ಜನ ಎಡವುತ್ತಾರೆ.

ಬಿಚ್ಚಿ ನೋಡುವುದು

ಮೊದಲು ಒಳಗಿರುವುದು ಯಾವ ಜಾತಿಯದೆಂದು ತಿಳಿಯಬೇಕು. ಲ್ಯಾಪ್‌ಟಾಪಿನ ಹಾರ್ಡ್ ಡಿಸ್ಕ್ ಅಂಗೈಯಷ್ಟಗಲ ಇರುತ್ತದೆ. ಇದನ್ನು ಎರಡೂವರೆ ಇಂಚಿನದು ಅನ್ನುತ್ತಾರೆ. ಡೆಸ್ಕ್‌ಟಾಪಿನದು ಮೂರೂವರೆ ಇಂಚಿನದು, ಕೈಯಲ್ಲಿ ಹಿಡಿದರೆ ಭಾರ ಗೊತ್ತಾಗುತ್ತದೆ. ಎರಡಕ್ಕೂ ಇಂದು ಇರುವ ಕನೆಕ್ಟರ್ ಒಂದೇ, ಸಾಟಾ. ಡಿಸ್ಕಿನ ಒಂದು ಅಂಚಿನಲ್ಲಿ ಅಕ್ಕಪಕ್ಕ ಎರಡು ಚಪ್ಪಟೆ ಪಟ್ಟಿಗಳಿರುತ್ತವೆ. ಗಿಡ್ಡದು ಮಾಹಿತಿಗೆ, ಏಳು ಸಂಪರ್ಕ. ಉದ್ದದ್ದು ವಿದ್ಯುತ್ತಿಗೆ, ಹದಿನೈದು ಸಂಪರ್ಕ. ಎರಡರ ತುದಿಯೂ ಮಡಚಿದಂತಿರುವುದರಿಂದ ತಿರುವುಮುರುವಾಗಿ ತೂರಿಸಲು ಬರುವುದಿಲ್ಲ.

ಸಾಟಾ ಬಂದದ್ದು 2003ರ ಹೊತ್ತಿಗೆ. ಅದಕ್ಕೂ ಹಿಂದಿನ ಡಿಸ್ಕಾದರೆ ಅಂಚಿನಲ್ಲಿ ಪಟ್ಟಿಯ ಬದಲು ಎರಡು ಸಾಲು ಸೂಜಿಗಳು ಕಾಣುತ್ತವೆ. ಅದು ಐಡಿಇ. ಡೆಸ್ಕ್‌ಟಾಪಿನದಕ್ಕೆ 40 ಸೂಜಿ, ಲ್ಯಾಪ್‌ಟಾಪಿನದಕ್ಕೆ 44. ಅದಕ್ಕೆ ಬೇರೆಯೇ ಅಡಾಪ್ಟರ್ ಬೇಕು, ಬೆಂಗಳೂರಿನ ಎಸ್.ಪಿ. ರಸ್ತೆಯಂಥ ಕಡೆ ಹುಡುಕಬೇಕಾದೀತು. ನನ್ನ ಅಭಿಪ್ರಾಯ ಕೇಳುವುದಾದರೆ, ಐಡಿಇ ಡಿಸ್ಕನ್ನು ಸಂಗ್ರಹಕ್ಕೆ ಬಳಸುವ ಹಟ ಬೇಡ. 40 ಅಥವಾ 80 ಜಿಬಿಯ ಜಾಗಕ್ಕಾಗಿ ಅಷ್ಟು ತೊಂದರೆ ಯಾಕೆ? ಪೆನ್‌ಡ್ರೈವಿನಲ್ಲೇ ಅದಕ್ಕಿಂತ ಹೆಚ್ಚು ಹಿಡಿಸುತ್ತದೆ. ಅದರೊಳಗಿನ ಕಡತಗಳನ್ನು ಒಮ್ಮೆ ಹೊರತೆಗೆದುಕೊಳ್ಳುವುದಕ್ಕೆ ಮಾತ್ರ ಅಡಾಪ್ಟರ್ ಉಪಯೋಗ; ಸ್ನೇಹಿತರ ಬಳಿ ಎರವಲು ಸಿಕ್ಕರೆ ಇನ್ನೂ ಒಳ್ಳೆಯದು.

ತೀರಾ ಹೊಸ, ತೆಳ್ಳನೆಯ ಲ್ಯಾಪ್‌ಟಾಪಾದರೆ ತಿರುಗುವ ಡಿಸ್ಕೇ ಇರುವುದಿಲ್ಲ. ಚ್ಯೂಯಿಂಗ್ ಗಮ್ ಪಟ್ಟಿಯ ಗಾತ್ರದ ಎಂ.2 ಎಸ್‌ಎಸ್‌ಡಿ ಇರುತ್ತದೆ. ಅದಕ್ಕೂ ಕೇಸಿಂಗ್ ಸಿಗುತ್ತದೆ. ಆದರೆ ಎಂ.2 ರೂಪದಲ್ಲೇ ಸಾಟಾ ಮತ್ತು ಎನ್‌ವಿಎಂಇ ಎಂದು ಎರಡು ಬಗೆಯಿವೆ. ಒಂದರ ಕೇಸಿಂಗ್ ಇನ್ನೊಂದಕ್ಕೆ ಕೆಲಸ ಮಾಡದೇ ಇರಬಹುದು. ಅಂಗಡಿಗೆ ಹೋಗುವಾಗ ಡಿಸ್ಕನ್ನೇ ಜೊತೆಗೆ ಒಯ್ದು ತೋರಿಸಿದರೆ ಗೊಂದಲವಿಲ್ಲ. ಅಗ್ಗದ ಕೆಲವು ಲ್ಯಾಪ್‌ಟಾಪುಗಳಲ್ಲಿ, ಈಚಿನ ಮ್ಯಾಕ್‌ಬುಕ್‌ಗಳಲ್ಲಿ ಸಂಗ್ರಹದ ಚಿಪ್ಪುಗಳನ್ನು ಬೋರ್ಡಿಗೇ ಬೆಸುಗೆ ಹಾಕಿರುತ್ತಾರೆ. ಅಂಥದ್ದರಲ್ಲಿ ಕಿತ್ತುಕೊಳ್ಳಲು ಏನೂ ಇಲ್ಲ.

ಲ್ಯಾಪ್‌ಟಾಪ್ ಬಿಚ್ಚುವ ಮೊದಲು ಚಾರ್ಜರ್ ಕಳಚಿ. ಬ್ಯಾಟರಿ ತೆಗೆಯಲು ಬರುವಂತಿದ್ದರೆ ಅದನ್ನೂ ತೆಗೆಯಿರಿ. ಹಳೆಯ ಮಾದರಿಗಳಲ್ಲಿ ಡಿಸ್ಕಿಗೆಂದೇ ತಳದಲ್ಲಿ ಪುಟ್ಟ ಮುಚ್ಚಳವಿರುತ್ತದೆ, ಒಂದೆರಡು ಸ್ಕ್ರೂ ಬಿಚ್ಚಿದರೆ ಸಾಕು. ಡಿಸ್ಕನ್ನು ಹಿಡಿದಿಟ್ಟ ತಗಡಿನ ಚೌಕಟ್ಟನ್ನು ಕಳಚಿ ಪಕ್ಕಕ್ಕಿಡಿ. ಬ್ಯಾಟರಿ ಉಬ್ಬಿರುವ ಲ್ಯಾಪ್‌ಟಾಪಾದರೆ ಮಾತ್ರ ನೀವು ಕೈ ಹಾಕಬೇಡಿ. ಉಬ್ಬಿದ ಲಿಥಿಯಂ ಬ್ಯಾಟರಿಗೆ ಸ್ಕ್ರೂಡ್ರೈವರ್ ತಾಗಿದರೆ ಬೆಂಕಿ ಹತ್ತಬಹುದು, ಅಂಗಡಿಯವರೇ ಬಿಚ್ಚಲಿ.

ಕರೆಂಟಿನ ಲೆಕ್ಕ

ಕೇಸಿಂಗ್ ಎಂಬುದು ಬರೀ ಡಬ್ಬಿಯಲ್ಲ. ಒಳಗೆ ಬೆರಳಗಲದ ಸರ್ಕ್ಯೂಟ್, ಅದರ ಮೇಲೊಂದು ಚಿಪ್ ಇರುತ್ತದೆ. ಡಿಸ್ಕಿಗೆ ಗೊತ್ತಿರುವುದು ಸಾಟಾ ಭಾಷೆ, ಕಂಪ್ಯೂಟರಿನ ಹೊರಗಿನ ಬಾಗಿಲಿಗೆ ಗೊತ್ತಿರುವುದು ಯುಎಸ್‌ಬಿ. ಇಬ್ಬರ ನಡುವೆ ಈ ಚಿಪ್ ದುಭಾಷಿ. ಕೊಳ್ಳುವಾಗ ಯುಎಸ್‌ಬಿ 3.0 ಇರುವುದನ್ನೇ ಕೇಳಿ. 2000ದಲ್ಲಿ ಬಂದ ಯುಎಸ್‌ಬಿ 2.0ರ ಮೂಲಕ ಸೆಕೆಂಡಿಗೆ 30–40 ಎಂಬಿಗಿಂತ ಹೆಚ್ಚು ಹಾಯುವುದಿಲ್ಲ. ಲ್ಯಾಪ್‌ಟಾಪಿನ ಹಳೆಯ ಡಿಸ್ಕು ಕೂಡ ಇದರ ಎರಡು–ಮೂರು ಪಟ್ಟು ವೇಗದಲ್ಲಿ ಓದಬಲ್ಲದು. ಎರಡು ಕೇಸಿಂಗುಗಳ ಬೆಲೆಯಲ್ಲಿ ಅಂಥ ವ್ಯತ್ಯಾಸವೂ ಇಲ್ಲ.

ವೇಗಕ್ಕಿಂತ ಮುಖ್ಯವಾದದ್ದು ಕರೆಂಟು. ಎರಡೂವರೆ ಇಂಚಿನ ಡಿಸ್ಕಿಗೆ ಐದು ವೋಲ್ಟ್ ಸಾಕು, ಅದನ್ನು ಯುಎಸ್‌ಬಿ ಕೇಬಲ್ಲೇ ಕೊಡುತ್ತದೆ. ಮೂರೂವರೆ ಇಂಚಿನದಕ್ಕೆ ಐದರ ಜೊತೆ ಹನ್ನೆರಡು ವೋಲ್ಟೂ ಬೇಕು. ಅದಕ್ಕೇ ಡೆಸ್ಕ್‌ಟಾಪ್ ಡಿಸ್ಕಿನ ಕೇಸಿಂಗಿಗೆ ಗೋಡೆಯ ಸಾಕೆಟ್ಟಿಗೆ ಚುಚ್ಚುವ ಅಡಾಪ್ಟರ್ ಬರುತ್ತದೆ. ಅದಿಲ್ಲದ ಅಗ್ಗದ ಕೇಬಲ್ ತಂದು ದೊಡ್ಡ ಡಿಸ್ಕಿಗೆ ಸಿಕ್ಕಿಸಿ ‘ಏನೂ ಬರ್ತಿಲ್ಲ’ ಅಂದರೆ ತಪ್ಪು ಡಿಸ್ಕಿನದಲ್ಲ.

ಚಿಕ್ಕ ಡಿಸ್ಕಿನಲ್ಲೂ ಒಂದು ತೊಡಕಿದೆ. ಯುಎಸ್‌ಬಿ 2.0 ನಿಯಮದ ಪ್ರಕಾರ ಒಂದು ಪೋರ್ಟ್ ಕೊಡಬೇಕಾದದ್ದು 500 ಮಿಲಿಆಂಪಿಯರ್, 3.0 ಆದರೆ 900. ಒಮ್ಮೆ ತಿರುಗಲು ಶುರುವಾದ ಡಿಸ್ಕಿಗೆ ಇಷ್ಟರಲ್ಲಿ ನಡೆಯುತ್ತದೆ. ನಿಂತಿರುವ ತಟ್ಟೆಯನ್ನು ತಿರುಗಿಸಲು ಶುರುಮಾಡುವ ಆ ಮೊದಲ ಕೆಲವು ಸೆಕೆಂಡುಗಳಲ್ಲಿ ಮಾತ್ರ ಹೆಚ್ಚು ಬೇಕು. ಪೋರ್ಟಿನಲ್ಲಿ ಅಷ್ಟು ಶಕ್ತಿ ಇಲ್ಲದಿದ್ದರೆ ಡಿಸ್ಕು ತಿರುಗಲು ಹೊರಟು ನಿಲ್ಲುತ್ತದೆ, ಮತ್ತೆ ಹೊರಡುತ್ತದೆ, ‘ಟಿಕ್ ಟಿಕ್’ ಅನ್ನುತ್ತದೆ. ನಿಜವಾಗಿ ಕೆಟ್ಟ ಡಿಸ್ಕೂ ಹೀಗೇ ಸದ್ದು ಮಾಡುತ್ತದೆ. ಹಾಗಾಗಿ ಎಷ್ಟೋ ಒಳ್ಳೆಯ ಡಿಸ್ಕುಗಳು ದುರ್ಬಲ ಪೋರ್ಟಿನ ತಪ್ಪಿಗೆ ಗುಜರಿ ಸೇರುತ್ತವೆ. ಕೈಬಿಡುವ ಮೊದಲು ಬೇರೆ ಪೋರ್ಟ್ ನೋಡಿ. ಡೆಸ್ಕ್‌ಟಾಪಾದರೆ ಮುಂಭಾಗದ್ದು ಬಿಟ್ಟು ಹಿಂಭಾಗದ್ದಕ್ಕೆ ಹಾಕಿ. ಉದ್ದದ ಕೇಬಲ್ ಬದಲು ಗಿಡ್ಡದ್ದು ಬಳಸಿ. ಎರಡು ಪೋರ್ಟಿನಿಂದ ಕರೆಂಟು ಎಳೆಯುವ ಕವಲು ಕೇಬಲ್ ಸಿಗುತ್ತದೆ, ಅಡಾಪ್ಟರ್ ಇರುವ ಯುಎಸ್‌ಬಿ ಹಬ್ಬೂ ಆಗುತ್ತದೆ. ಟಿವಿಗೆ, ಸೆಟ್‌ಟಾಪ್ ಬಾಕ್ಸಿಗೆ ಸಿಕ್ಕಿಸುವವರು ಇದನ್ನು ವಿಶೇಷವಾಗಿ ನೆನಪಿಡಬೇಕು. ಅವುಗಳ ಪೋರ್ಟು ಹೆಚ್ಚಾಗಿ ಪೆನ್‌ಡ್ರೈವಿಗೆಂದು ಇಟ್ಟದ್ದು.

ಕರೆಂಟಿನ ವಿಷಯದಲ್ಲಿ ಈ ಡಿಸ್ಕು ಇಷ್ಟು ನಾಜೂಕಾಗಲು ಅದರ ಒಳರಚನೆಯೇ ಕಾರಣ. ಮೊದಲ ಹಾರ್ಡ್ ಡಿಸ್ಕನ್ನು 1956ರಲ್ಲಿ ಐಬಿಎಂ ಕಂಪನಿ ರಾಮಾಕ್ ಎಂಬ ಕಂಪ್ಯೂಟರಿನ ಜೊತೆ ತಂದಿತು. ಇಪ್ಪತ್ನಾಲ್ಕು ಇಂಚು ಅಗಲದ ಐವತ್ತು ತಟ್ಟೆಗಳು, ಒಂದು ಟನ್ನಿಗೂ ಹೆಚ್ಚು ತೂಕ, ಹಿಡಿಸುತ್ತಿದ್ದದ್ದು ಐವತ್ತು ಲಕ್ಷ ಅಕ್ಷರ. ಇವತ್ತಿನ ಒಂದು ಮೊಬೈಲ್ ಫೋಟೊ ಅದರಲ್ಲಿ ಕಷ್ಟಪಟ್ಟು ಕೂರುತ್ತದೆ. ತತ್ವ ಅಂದಿನಿಂದ ಬದಲಾಗಿಲ್ಲ: ಕಾಂತೀಯ ಲೇಪವಿರುವ ತಟ್ಟೆ ತಿರುಗುತ್ತದೆ, ಅದರ ಮೇಲೆ ಓದುವ–ಬರೆಯುವ ಹೆಡ್ ಆಚೀಚೆ ಸರಿಯುತ್ತದೆ. ಬದಲಾದದ್ದು ಅಳತೆ. ಬದಲಾವಣೆಯ ದೊಡ್ಡ ಜಿಗಿತವೊಂದರ ಹಿಂದೆ ಆಲ್ಬರ್ಟ್ ಫೆರ್ ಮತ್ತು ಪೀಟರ್ ಗ್ರುನ್‌ಬರ್ಗ್ 1988ರಲ್ಲಿ ಬೇರೆ ಬೇರೆಯಾಗಿ ಕಂಡುಕೊಂಡ ದೈತ್ಯ ಕಾಂತರೋಧ ಎಂಬ ವಿದ್ಯಮಾನವಿದೆ. ಅತಿ ಕ್ಷೀಣವಾದ ಕಾಂತೀಯ ಗುರುತನ್ನೂ ಓದಬಲ್ಲ ಹೆಡ್‌ಗಳು ಅದರಿಂದ ಸಾಧ್ಯವಾದವು. ಅವರಿಗೆ 2007ರ ಭೌತವಿಜ್ಞಾನ ನೊಬೆಲ್ ಬಂತು.

ಲ್ಯಾಪ್‌ಟಾಪ್ ಡಿಸ್ಕಿನ ತಟ್ಟೆ ಸಾಮಾನ್ಯವಾಗಿ ನಿಮಿಷಕ್ಕೆ 5,400 ಸುತ್ತು ಹಾಕುತ್ತದೆ, ಸೆಕೆಂಡಿಗೆ ತೊಂಬತ್ತು. ಆ ವೇಗಕ್ಕೆ ಎದ್ದ ಗಾಳಿಯ ಪದರದ ಮೇಲೆ ಹೆಡ್ ತೇಲುತ್ತದೆ. ತಟ್ಟೆಗೂ ಅದಕ್ಕೂ ನಡುವೆ ಇರುವುದು ಕೆಲವೇ ನ್ಯಾನೊಮೀಟರ್ ಅಂತರ. ನಮ್ಮ ತಲೆಗೂದಲಿನ ದಪ್ಪ ಹತ್ತಾರು ಸಾವಿರ ನ್ಯಾನೊಮೀಟರ್. ತಿರುಗುತ್ತಿರುವ ಡಿಸ್ಕನ್ನು ಮೇಜಿನ ಮೇಲಿಂದ ಎತ್ತಿ ಕುಕ್ಕಿದರೆ ಏನಾಗಬಹುದೆಂದು ಇದರಿಂದಲೇ ಊಹಿಸಬಹುದು. ಲ್ಯಾಪ್‌ಟಾಪಿನೊಳಗೆ ರಬ್ಬರಿನ ಆಸರೆಯಲ್ಲಿ ಭದ್ರವಾಗಿ ಕೂತಿದ್ದ ಡಿಸ್ಕು ಈಗ ತೆಳ್ಳಗಿನ ಪ್ಲಾಸ್ಟಿಕ್ ಡಬ್ಬಿಯಲ್ಲಿ, ಕೇಬಲ್ಲಿನ ತುದಿಯಲ್ಲಿ ಮೇಜಿನ ಅಂಚಿಗೆ ಬಂದು ಕೂತಿದೆ. ಅದರ ಬದುಕು ಮೊದಲಿಗಿಂತ ಅಪಾಯದ್ದಾಯಿತು.

‘ಫಾರ್ಮ್ಯಾಟ್ ಮಾಡಲೇ?’

ಡಿಸ್ಕನ್ನು ಸಿಕ್ಕಿಸಿದ ಕೂಡಲೇ ವಿಂಡೋಸ್ ಕೆಲವೊಮ್ಮೆ ಕೇಳುತ್ತದೆ: ಈ ಡಿಸ್ಕನ್ನು ಬಳಸಬೇಕಾದರೆ ಫಾರ್ಮ್ಯಾಟ್ ಮಾಡಬೇಕು, ಮಾಡಲೇ? ಇಲ್ಲ ಎನ್ನಿ. ಅವಸರದಲ್ಲಿ ಇಲ್ಲಿ ‘ಹೂಂ’ ಎಂದವರ ಕಣ್ಣೀರಿನಿಂದಲೇ ಡೇಟಾ ರಿಕವರಿ ಅಂಗಡಿಗಳು ನಡೆಯುತ್ತವೆ. ವಿಂಡೋಸಿಗೆ ಅರ್ಥವಾಗದ ಭಾಗ ಡಿಸ್ಕಿನಲ್ಲಿದೆ ಎನ್ನುವುದಷ್ಟೇ ಆ ಪ್ರಶ್ನೆಯ ಅರ್ಥ. ಅದು ಲಿನಕ್ಸಿನ ಭಾಗವಿರಬಹುದು, ಮ್ಯಾಕಿನದಿರಬಹುದು, ಪಾರ್ಟಿಷನ್ನಿನ ಪಟ್ಟಿ ತುಸು ಹಾಳಾಗಿರಬಹುದು. ಖಾಲಿ ಎಂದಂತೂ ಅಲ್ಲ. ಒಳಗಿನದನ್ನೆಲ್ಲ ಇನ್ನೊಂದು ಕಡೆಗೆ ಇಳಿಸಿಕೊಂಡು, ಇಳಿಸಿಕೊಂಡದ್ದು ತೆರೆಯುತ್ತದೆಂದು ನೋಡಿದ ಮೇಲೆಯೇ ಫಾರ್ಮ್ಯಾಟಿನ ಮಾತು.

ಎಲ್ಲ ಸರಿಯಿದ್ದರೆ ಹಳೆಯ ಸಿ ಡ್ರೈವ್ ಹೊಸ ಅಕ್ಷರ ಹೊತ್ತು ಕಾಣಿಸಿಕೊಳ್ಳುತ್ತದೆ. ಯೂಸರ್ಸ್ ಎಂಬ ಫೋಲ್ಡರಿನೊಳಗೆ ನಿಮ್ಮ ಹಳೆಯ ಹೆಸರು. ತೆರೆಯಲು ಹೋದರೆ ಅನುಮತಿ ಇಲ್ಲ ಅನ್ನಬಹುದು. ಮುಂದುವರಿಯಿರಿ ಎಂಬ ಗುಂಡಿ ಒತ್ತಿ ಸ್ವಲ್ಪ ಕಾದರೆ ದಾರಿ ಬಿಡುತ್ತದೆ. ಡೆಸ್ಕ್‌ಟಾಪ್, ಡಾಕ್ಯುಮೆಂಟ್ಸ್, ಪಿಕ್ಚರ್ಸ್ ಎಲ್ಲರಿಗೂ ನೆನಪಿರುತ್ತವೆ. ಮರೆಯುವುದು ಬೇರೆಯದನ್ನು: ಔಟ್‌ಲುಕ್ ಬಳಸುತ್ತಿದ್ದವರ ಇಮೇಲ್ ಕಡತ ಆಪ್‌ಡೇಟಾ ಎಂಬ ಅಡಗಿಸಿಟ್ಟ ಫೋಲ್ಡರಿನಲ್ಲಿ ಇರಬಹುದು. ಅಂಗಡಿ ಇಟ್ಟವರ ಟ್ಯಾಲಿ ಲೆಕ್ಕ ಯೂಸರ್ಸ್ ಫೋಲ್ಡರಿನಲ್ಲಿ ಇರುವುದೇ ಅಪರೂಪ. ಅದು ನೇರ ಸಿ ಅಥವಾ ಡಿ ಡ್ರೈವಿನ ಯಾವುದೋ ಮೂಲೆಯಲ್ಲಿರುತ್ತದೆ.

ಬಿಟ್‌ಲಾಕರ್ ಎಂಬ ವಿಂಡೋಸಿನ ಬೀಗ ಹಾಕಿದ ಡಿಸ್ಕಾದರೆ 48 ಅಂಕಿಯ ಕೀಲಿ ಕೇಳುತ್ತದೆ. ‘ನಾನು ಹಾಕಿಯೇ ಇರಲಿಲ್ಲ’ ಎಂದು ಜನ ವಾದಿಸುತ್ತಾರೆ. ಹಲವು ಲ್ಯಾಪ್‌ಟಾಪುಗಳಲ್ಲಿ ಮೈಕ್ರೋಸಾಫ್ಟ್ ಖಾತೆಯಿಂದ ಲಾಗಿನ್ ಆದೊಡನೆ ಅದು ತಾನಾಗಿಯೇ ಶುರುವಾಗಿರುತ್ತದೆ. ಮಾಮೂಲಾಗಿ ಬೀಗ ತೆರೆಯುತ್ತಿದ್ದದ್ದು ಆ ಲ್ಯಾಪ್‌ಟಾಪಿನ ಬೋರ್ಡಿನಲ್ಲಿದ್ದ ಚಿಪ್ಪು. ಬೋರ್ಡೇ ಸತ್ತ ಮೇಲೆ ಉಳಿಯುವುದು ಆ ಕೀಲಿಯೊಂದೇ. ಅದೇ ಖಾತೆಯ ಪುಟಕ್ಕೆ ಲಾಗಿನ್ ಆಗಿ ನೋಡಿದರೆ ಬಹಳ ಸಲ ಅಲ್ಲೇ ಸಿಗುತ್ತದೆ. ಎಲ್ಲೂ ಸಿಗದಿದ್ದರೆ ಆ ಕಡತಗಳ ಆಸೆ ಬಿಡಬೇಕು. ಡಿಸ್ಕನ್ನು ಮಾತ್ರ ಅಳಿಸಿ ಬಳಸಬಹುದು.

ಕನ್ನಡದಲ್ಲಿ ಬರೆದವರ ಡಿಸ್ಕುಗಳಲ್ಲಿ ಇನ್ನೊಂದು ಬಗೆಯ ಬೀಗವಿದೆ. ಅದನ್ನು ಯಾರೂ ಬೇಕೆಂದು ಹಾಕಿದ್ದಲ್ಲ. ಶೇಷಾದ್ರಿ ವಾಸು ಅವರ ‘ಬರಹ’ 1998ರಲ್ಲಿ ಬಂತು. ಆಮೇಲೆ ಕನ್ನಡ ಗಣಕ ಪರಿಷತ್ತಿನ ‘ನುಡಿ’ ಸರ್ಕಾರಿ ಕಚೇರಿಗಳಿಂದ ಹಿಡಿದು ಬೆರಳಚ್ಚು ಅಂಗಡಿಗಳವರೆಗೆ ಹಬ್ಬಿತು. ಡಿಟಿಪಿ ಮಾಡುವವರು ಶ್ರೀಲಿಪಿಯನ್ನೂ ಬಳಸುತ್ತಿದ್ದರು. ಯೂನಿಕೋಡ್ ರೂಢಿಗೆ ಬರುವ ಮುನ್ನ ಇವುಗಳಲ್ಲಿ ಸಾಮಾನ್ಯವಾಗಿ ಬರೆಯುತ್ತಿದ್ದ ಕನ್ನಡ ಕಂಪ್ಯೂಟರಿನ ಲೆಕ್ಕಕ್ಕೆ ಕನ್ನಡವೇ ಅಲ್ಲ. ರೋಮನ್ ಅಕ್ಷರಗಳಿಗೆಂದು ಇಟ್ಟಿದ್ದ ಸಂಕೇತ ಸಂಖ್ಯೆಗಳ ಮೇಲೆ ಕನ್ನಡದ ತಲೆಕಟ್ಟು, ಕೊಂಬು, ಒತ್ತುಗಳ ಚಿತ್ರಗಳನ್ನು ಕೂರಿಸಿದ ಫಾಂಟ್ ಅದು. ಫಾಂಟ್ ಇದ್ದರೆ ಪರದೆಯ ಮೇಲೆ ಕನ್ನಡ, ಇಲ್ಲದಿದ್ದರೆ ಚುಕ್ಕೆ–ಟೋಪಿ ಹೊತ್ತ ಪರಭಾಷೆಯ ಅಕ್ಷರಗಳ ಸಂತೆ.

ಹೊಸ ಕಂಪ್ಯೂಟರಿನಲ್ಲಿ ಅಪ್ಪನ ಹಳೆಯ ಲೇಖನವನ್ನು ತೆರೆದು ಈ ಸಂತೆಯನ್ನು ಕಂಡವರು ‘ಫೈಲ್ ಕರಪ್ಟ್ ಆಗಿದೆ’ ಎಂದುಕೊಂಡು ಅಳಿಸಿಹಾಕುತ್ತಾರೆ. ಅಳಿಸಬೇಡಿ. ಬೇಕಾದ ಫಾಂಟ್ ಅದೇ ಡಿಸ್ಕಿನಲ್ಲಿದೆ: ಹಳೆಯ ವಿಂಡೋಸ್ ಫೋಲ್ಡರಿನೊಳಗಿನ ಫಾಂಟ್ಸ್ ಎಂಬಲ್ಲಿ ನುಡಿ, ಬಿಆರ್‌ಎಚ್, ಶ್ರೀ ಎಂದು ಶುರುವಾಗುವ ಕಡತಗಳನ್ನು ಹುಡುಕಿ. ಅವನ್ನು ಹೊಸ ಯಂತ್ರಕ್ಕೆ ಅಳವಡಿಸಿಕೊಂಡರೆ ಬರಹ ಕಣ್ಣಿಗೆ ಕಾಣುತ್ತದೆ. ಆಮೇಲೆ ಪರಿವರ್ತಕಗಳ ಮೂಲಕ ಯೂನಿಕೋಡಿಗೆ ತಂದುಕೊಳ್ಳಬಹುದು. ಒತ್ತಕ್ಷರ, ಅರ್ಕಾವತ್ತುಗಳಲ್ಲಿ ಅಲ್ಲಲ್ಲಿ ತಪ್ಪುತ್ತದೆ, ಒಮ್ಮೆ ಕಣ್ಣಾಡಿಸಬೇಕು. ಪೇಜ್‌ಮೇಕರಿನಲ್ಲಿ ಕಟ್ಟಿದ ಪುಟಗಳದ್ದು ಇನ್ನೂ ಕಷ್ಟ. ಆ ತಂತ್ರಾಂಶದ ಕೊನೆಯ ಆವೃತ್ತಿ ಬಂದದ್ದು 2001ರಲ್ಲಿ, ಇಂದಿನ ಇನ್‌ಡಿಸೈನ್ ಆ ಕಡತಗಳನ್ನು ತೆರೆಯುವುದಿಲ್ಲ. ಡಿಸ್ಕಿನಲ್ಲಿ ಅದೇ ಪುಸ್ತಕದ ಪಿಡಿಎಫ್ ಎಲ್ಲಾದರೂ ಇದೆಯೇ ಎಂದು ಮೊದಲು ಹುಡುಕುವುದು ಜಾಣತನ. ಸಣ್ಣ ಪತ್ರಿಕೆ, ಸಂಘ ಸಂಸ್ಥೆ, ಹಳ್ಳಿಯ ಸ್ಮರಣ ಸಂಚಿಕೆಗಳ ಎರಡು ದಶಕದ ಕನ್ನಡ ಇಂಥ ಡಿಸ್ಕುಗಳಲ್ಲೇ ಉಳಿದಿದೆ. ಹಳೆಯ ಡಿಸ್ಕನ್ನು ಸಿಕ್ಕಿಸಿ ನೋಡಲು ನನ್ನ ಪ್ರಕಾರ ಇದೊಂದೇ ಕಾರಣ ಸಾಕು. ಉಚಿತವಾಗಿ ಸಿಗುವ ಜಾಗ ಆಮೇಲಿನದು.

ನಂಬುವ ಮೊದಲು

ಕಡತಗಳೆಲ್ಲ ಇಳಿದವು ಎಂದುಕೊಳ್ಳೋಣ. ಈಗ ಡಿಸ್ಕಿನ ನಾಡಿ ನೋಡಬೇಕು. ಪ್ರತಿ ಡಿಸ್ಕೂ ತನ್ನ ಆರೋಗ್ಯದ ದಿನಚರಿಯನ್ನು ತಾನೇ ಬರೆದುಕೊಳ್ಳುತ್ತಿರುತ್ತದೆ, ಅದಕ್ಕೆ ಸ್ಮಾರ್ಟ್ ಎಂದು ಹೆಸರು. ವಿಂಡೋಸಿನಲ್ಲಿ ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಎಂಬ ಉಚಿತ ತಂತ್ರಾಂಶ ಅದನ್ನು ತೋರಿಸುತ್ತದೆ. ಕೆಲವು ಅಗ್ಗದ ಕೇಸಿಂಗುಗಳ ಚಿಪ್ಪು ಈ ಮಾಹಿತಿಯನ್ನು ದಾಟಿಸುವುದಿಲ್ಲ. ಆಗ ಡಿಸ್ಕನ್ನು ಡೆಸ್ಕ್‌ಟಾಪಿನ ಒಳಗೇ ಸಿಕ್ಕಿಸಿ ನೋಡಬೇಕಾಗುತ್ತದೆ. ಪಟ್ಟಿ ಉದ್ದ, ಗಾಬರಿ ಬೇಡ. ನೋಡಬೇಕಾದ ಸಾಲು ಮೂರು: ಕೆಟ್ಟ ಜಾಗಕ್ಕೆ ಬದಲಾಗಿ ಮೀಸಲು ಜಾಗ ಬಳಸಿದ ಲೆಕ್ಕ, ಓದಲಾಗದೆ ತೀರ್ಮಾನಕ್ಕೆ ಕಾದಿರುವ ಜಾಗದ ಲೆಕ್ಕ, ಸರಿಪಡಿಸಲಾಗದ ಜಾಗದ ಲೆಕ್ಕ. ಅಂಗಡಿಯವರು ಬ್ಯಾಡ್ ಸೆಕ್ಟರ್ ಅನ್ನುವುದು ಇದನ್ನೇ. ಮೂರೂ ಸೊನ್ನೆಯಿದ್ದರೆ ಒಳ್ಳೆಯದು. ಹಳೆಯದೊಂದು ಸಣ್ಣ ಅಂಕಿ ಇದ್ದು, ತಿಂಗಳುಗಟ್ಟಲೆ ಅಲ್ಲೇ ನಿಂತಿದ್ದರೆ ಸಿನಿಮಾ ಹಾಕಿಡಲು ಅಡ್ಡಿಯಿಲ್ಲ. ಅಂಕಿ ಏರುತ್ತಿದ್ದರೆ ಡಿಸ್ಕು ಹೊರಟಿದೆ ಎಂದೇ ಅರ್ಥ.

ಸೊನ್ನೆಯಿದ್ದ ಮಾತ್ರಕ್ಕೆ ನೆಮ್ಮದಿಯೇ? ಗೂಗಲ್‌ನ ಮೂವರು ಎಂಜಿನಿಯರುಗಳು ತಮ್ಮ ಕಂಪನಿಯ ಒಂದು ಲಕ್ಷಕ್ಕೂ ಹೆಚ್ಚು ಡಿಸ್ಕುಗಳನ್ನು ಗಮನಿಸಿ 2007ರಲ್ಲಿ ಪ್ರಕಟಿಸಿದ ಅಧ್ಯಯನ ಈ ಕ್ಷೇತ್ರದಲ್ಲಿ ಇಂದಿಗೂ ಮಾತಾಗುತ್ತದೆ. ಪರೀಕ್ಷೆಯಲ್ಲಿ ಮೊದಲ ದೋಷ ಕಂಡ ಡಿಸ್ಕು ಮುಂದಿನ ಅರವತ್ತು ದಿನಗಳಲ್ಲಿ ಕೆಡುವ ಸಾಧ್ಯತೆ, ದೋಷ ಕಾಣದವಕ್ಕಿಂತ 39 ಪಟ್ಟು ಹೆಚ್ಚು ಎಂದು ಅವರು ಕಂಡರು. ಅದೇ ಅಧ್ಯಯನದಲ್ಲಿ, ಕೆಟ್ಟುಹೋದ ಡಿಸ್ಕುಗಳ ಪೈಕಿ ಅರ್ಧಕ್ಕಿಂತ ಹೆಚ್ಚಿನವುಗಳಲ್ಲಿ ಮುಖ್ಯವಾದ ನಾಲ್ಕು ಎಚ್ಚರಿಕೆಗಳಲ್ಲಿ ಒಂದೂ ಕಾಣಿಸಿರಲಿಲ್ಲ. ಸ್ಮಾರ್ಟ್ ‘ಕೆಟ್ಟಿದೆ’ ಅಂದರೆ ನಂಬಬೇಕು, ‘ಚೆನ್ನಾಗಿದೆ’ ಅಂದರೆ ತಲೆಯಾಡಿಸಿ ಸುಮ್ಮನಿರಬೇಕು.

ಇನ್ನೊಂದು ಪರೀಕ್ಷೆಯನ್ನು ಫಾರ್ಮ್ಯಾಟ್ ಮಾಡುವಾಗಲೇ ಮಾಡಿಬಿಡಬಹುದು. ಫಾರ್ಮ್ಯಾಟ್ ಕಿಟಕಿಯಲ್ಲಿ ‘ಕ್ವಿಕ್’ ಎಂಬುದರ ಮುಂದಿನ ಗುರುತನ್ನು ತೆಗೆಯಿರಿ. ಆಗ ವಿಂಡೋಸ್ ಆ ಪಾರ್ಟಿಷನ್ನಿನ ಉದ್ದಗಲಕ್ಕೂ ಸೊನ್ನೆ ಬರೆಯುತ್ತ ಹೋಗುತ್ತದೆ, ಹಳೆಯ ಮಾಹಿತಿಯೂ ಅಳಿಯುತ್ತದೆ. 500 ಜಿಬಿಯ ಡಿಸ್ಕಿಗೆ ಯುಎಸ್‌ಬಿ 2.0ರಲ್ಲಿ ನಾಲ್ಕು ತಾಸು ಹಿಡಿಯಬಹುದು, 3.0ರಲ್ಲಿ ಅದಕ್ಕಿಂತ ತುಂಬಾ ಕಡಿಮೆ. ರಾತ್ರಿ ಹಾಕಿ ಮಲಗಿ. ಬೆಳಗ್ಗೆ ಮುಗಿದಿದ್ದು, ಸ್ಮಾರ್ಟ್ ಅಂಕಿಗಳು ಕದಲದೆ ಇದ್ದರೆ ಕೆಲಸಕ್ಕೆ ತೆಗೆದುಕೊಳ್ಳಬಹುದು.

ಹಳೆಯ ಸಿಸ್ಟಮ್ ಡಿಸ್ಕಿನಲ್ಲಿ ಸಿ, ಡಿಗಳಲ್ಲದೆ ಬೂಟಿಗೆ, ರಿಕವರಿಗೆ ಎಂದು ಚಿಕ್ಕ ಚಿಕ್ಕ ಪಾರ್ಟಿಷನ್ನುಗಳಿರುತ್ತವೆ. ಡಿಸ್ಕ್ ಮ್ಯಾನೇಜ್‌ಮೆಂಟ್ ಕಿಟಕಿಯಲ್ಲಿ ಅವು ಅಳಿಯಲು ಒಪ್ಪುವುದಿಲ್ಲ. ಡಿಸ್ಕ್‌ಪಾರ್ಟ್ ಎಂಬ ಆದೇಶದಲ್ಲಿ ‘ಕ್ಲೀನ್’ ಅಂದರೆ ಇಡೀ ಡಿಸ್ಕು ಒಂದೇ ಏಟಿಗೆ ಬೋಳಾಗುತ್ತದೆ. ಅದು ‘ಖಚಿತವೇ?’ ಎಂದು ಮರುಪ್ರಶ್ನೆ ಕೇಳುವುದಿಲ್ಲ. ಡಿಸ್ಕಿನ ಸಂಖ್ಯೆಯನ್ನು ಗಾತ್ರದ ಜೊತೆ ತಾಳೆ ನೋಡಿಯೇ ಆರಿಸಬೇಕು. ಬೇರೆ ಎಕ್ಸ್‌ಟರ್ನಲ್ ಡಿಸ್ಕುಗಳಿದ್ದರೆ ಮೊದಲೇ ಕಿತ್ತಿಡಬೇಕು.

ಆಮೇಲೆ ಯಾವ ರೂಪದಲ್ಲಿ ಫಾರ್ಮ್ಯಾಟ್ ಮಾಡುವುದು? ವಿಂಡೋಸಿಗೆ ಮಾತ್ರವಾದರೆ ಎನ್‌ಟಿಎಫ್‌ಎಸ್. ಮ್ಯಾಕ್ ಅದನ್ನು ಓದುತ್ತದೆ, ತಾನಾಗಿ ಅದಕ್ಕೆ ಬರೆಯುವುದಿಲ್ಲ. ಎರಡರಲ್ಲೂ ಬಳಸುವುದಾದರೆ ಎಕ್ಸ್‌ಫ್ಯಾಟ್. ಹಳೆಯ ಟಿವಿ, ಕಾರಿನ ಸ್ಟೀರಿಯೊಗಳಿಗೆ ಹಲವು ಬಾರಿ ಫ್ಯಾಟ್32 ಒಂದೇ ಗೊತ್ತು. ಅದರಲ್ಲಿ 4 ಜಿಬಿಗಿಂತ ದೊಡ್ಡ ಕಡತ ಕೂರುವುದಿಲ್ಲ, ಒಳ್ಳೆಯ ಗುಣಮಟ್ಟದ ಸಿನಿಮಾ ಅರ್ಧಕ್ಕೇ ನಿಲ್ಲುತ್ತದೆ. 500 ಜಿಬಿಯ ಡಿಸ್ಕು 465 ಎಂದು ತೋರಿಸಿದರೆ ಯಾರೂ ಕದ್ದಿಲ್ಲ. ತಯಾರಕರು ಸಾವಿರದ ಲೆಕ್ಕದಲ್ಲಿ ಎಣಿಸುತ್ತಾರೆ, ವಿಂಡೋಸ್ 1,024ರ ಲೆಕ್ಕದಲ್ಲಿ.

ಇನ್ನು ಕೆಲಸದ ಹಂಚಿಕೆ. ನನ್ನ ನಿಲುವು ಇಷ್ಟು: ಹಳೆಯ ಡಿಸ್ಕಿನಲ್ಲಿ ಇರುವುದೆಲ್ಲ ಇನ್ನೊಂದು ಕಡೆಯೂ ಇರಬೇಕು. ಬೇರೆಲ್ಲೂ ಇಲ್ಲದ ಒಂದು ಫೋಟೊ ಕೂಡ ಅಲ್ಲಿ ಒಂಟಿಯಾಗಿರಬಾರದು. ಫೋನಿನಲ್ಲಿ ಜಾಗ ಸಾಲದೆಂದು ಮದುವೆಯ ವಿಡಿಯೊವನ್ನು ಹಳೆಯ ಡಿಸ್ಕಿಗೆ ‘ಸರಿಸಿ’ ಫೋನಿನಿಂದ ಅಳಿಸುವುದು ಬ್ಯಾಕಪ್ ಅಲ್ಲ, ಜೂಜು. ಛಾಯಾಗ್ರಾಹಕ ಪೀಟರ್ ಕ್ರೋಗ್ ಜನಪ್ರಿಯಗೊಳಿಸಿದ 3-2-1 ಎಂಬ ಸೂತ್ರವಿದೆ: ಮೂರು ಪ್ರತಿ, ಎರಡು ಬಗೆಯ ಮಾಧ್ಯಮ, ಒಂದು ಪ್ರತಿ ಮನೆಯಿಂದ ಹೊರಗೆ. ಹಳೆಯ ಡಿಸ್ಕಿಗೆ ತಕ್ಕ ಜಾಗ ಆ ಮೂರನೆಯ ಪ್ರತಿಯದು. ಊರಿನ ಅಣ್ಣನ ಮನೆಯ ಬೀರುವಿನಲ್ಲಿ ಒಂದು ಪ್ರತಿ ಇದ್ದರೆ, ಬೆಂಗಳೂರಿನ ಮನೆಗೆ ಮಳೆನೀರು ನುಗ್ಗಿದರೂ ಮಕ್ಕಳ ಬಾಲ್ಯದ ಚಿತ್ರಗಳು ಉಳಿಯುತ್ತವೆ. ಹಾಡು, ಸಿನಿಮಾ, ಮತ್ತೆ ಇಳಿಸಿಕೊಳ್ಳಬಹುದಾದ ತಂತ್ರಾಂಶಗಳಿಗೂ ಅದು ಸೈ. ದಿನವೂ ಬ್ಯಾಗಿನಲ್ಲಿ ಹೊತ್ತು ಬಸ್ಸು ಹತ್ತುವವರಿಗೆ ಅದು ಬೇಡ, ಅವರಿಗೆ ಎಸ್‌ಎಸ್‌ಡಿಯೇ ಸರಿ.

ಬೀರುವಿನಲ್ಲಿ ಇಟ್ಟು ಮರೆಯುವಂತೆಯೂ ಇಲ್ಲ. ಹೆಚ್ಚಿನ ಹಾರ್ಡ್ ಡಿಸ್ಕುಗಳಿಗೆ ಗಾಳಿ ಉಸಿರಾಡಲು ಸೂಕ್ಷ್ಮ ಶೋಧಕವಿರುವ ಒಂದು ರಂಧ್ರವಿರುತ್ತದೆ; ಅದನ್ನು ಮುಚ್ಚಬೇಡಿ ಎಂದು ಡಿಸ್ಕಿನ ಮೇಲೇ ಬರೆದಿರುತ್ತಾರೆ. ಕರಾವಳಿ, ಮಲೆನಾಡುಗಳ ಆಷಾಢದ ತೇವಕ್ಕೆ ಸರ್ಕ್ಯೂಟಿನ ಲೋಹದ ಸಂಪರ್ಕಗಳು ಕಿಲುಬು ಹಿಡಿಯುವುದುಂಟು. ಬಿಗಿ ಮುಚ್ಚಳದ ಡಬ್ಬಿಯಲ್ಲಿ ಒಂದೆರಡು ಸಿಲಿಕಾ ಜೆಲ್ ಪೊಟ್ಟಣಗಳೊಂದಿಗೆ ಇಡಬಹುದು. ಕೆಲವು ತಿಂಗಳಿಗೊಮ್ಮೆ ತೆಗೆದು ಸಿಕ್ಕಿಸಿ, ನಾಲ್ಕಾರು ಕಡತ ತೆರೆದು ನೋಡಿ, ಸ್ಮಾರ್ಟ್ ಅಂಕಿ ಗಮನಿಸಿ. ಕೀಳುವಾಗ ಸುರಕ್ಷಿತವಾಗಿ ತೆಗೆಯುವ ಆಯ್ಕೆ ಒತ್ತಿ, ತಟ್ಟೆ ತಿರುಗುವುದು ನಿಂತ ಮೇಲೆ ಎತ್ತಿ.

ಡಿಸ್ಕು ನಿಮಗೆ ಬೇಡವಾಗಿ ಬೇರೆಯವರಿಗೆ ಕೊಡುವುದಾದರೆ ಇನ್ನೊಂದು ಎಚ್ಚರ. ಸಿಮ್ಸನ್ ಗಾರ್ಫಿಂಕಲ್ ಮತ್ತು ಅಭಿ ಶೆಲಟ್ ಎಂಬ ಎಂಐಟಿಯ ಇಬ್ಬರು ವಿದ್ಯಾರ್ಥಿಗಳು ಸೆಕೆಂಡ್ ಹ್ಯಾಂಡ್ ಮಾರುಕಟ್ಟೆಯಿಂದ 158 ಡಿಸ್ಕುಗಳನ್ನು ಕೊಂಡು ಪರೀಕ್ಷಿಸಿ 2003ರಲ್ಲಿ ವರದಿ ಮಾಡಿದರು. ಕೆಲಸ ಮಾಡುತ್ತಿದ್ದವು 129. ಅವುಗಳಲ್ಲಿ ಸರಿಯಾಗಿ ಅಳಿಸಿದ್ದವು ಹನ್ನೆರಡೇ. ಉಳಿದವುಗಳಲ್ಲಿ ಐದು ಸಾವಿರಕ್ಕೂ ಹೆಚ್ಚು ಕ್ರೆಡಿಟ್ ಕಾರ್ಡ್ ಸಂಖ್ಯೆಗಳು, ವೈದ್ಯಕೀಯ ದಾಖಲೆಗಳು, ಖಾಸಗಿ ಪತ್ರಗಳು ಸಿಕ್ಕವು. ಕಡತವನ್ನು ಡಿಲೀಟ್ ಮಾಡುವುದು ಪುಸ್ತಕದ ಪರಿವಿಡಿಯಿಂದ ಒಂದು ಸಾಲು ಹೊಡೆದುಹಾಕಿದಂತೆ, ಪುಟ ಅಲ್ಲೇ ಇರುತ್ತದೆ. ಕ್ವಿಕ್ ಫಾರ್ಮ್ಯಾಟ್ ಪರಿವಿಡಿಯನ್ನೇ ಬದಲಿಸುತ್ತದೆ, ಅಷ್ಟೇ. ತಿರುಗುವ ಡಿಸ್ಕಿಗೆ ಒಂದು ಸಲ ಪೂರ್ತಿ ಸೊನ್ನೆ ಬರೆದರೆ ಸಾಕು. ಏಳು ಸಲ, ಮೂವತ್ತೈದು ಸಲ ಬರೆಯಬೇಕೆಂಬುದು ಹಳೆಯ ಕಾಲದ ಭಯ. ಎಸ್‌ಎಸ್‌ಡಿಯ ವಿಷಯ ಬೇರೆ: ಬರೆದದ್ದು ಒಳಗೆ ಯಾವ ಕೋಶಕ್ಕೆ ಹೋಯಿತೆಂದು ಹೊರಗಿನವರಿಗೆ ತಿಳಿಯುವುದಿಲ್ಲವಾದ್ದರಿಂದ ತಯಾರಕರೇ ಕೊಡುವ ಅಳಿಸುವ ತಂತ್ರಾಂಶ ಬಳಸಬೇಕು.

ಪರೀಕ್ಷೆಯಲ್ಲಿ ನಪಾಸಾದ ಡಿಸ್ಕಿಗೆ ಸೊನ್ನೆ ಬರೆಯಲೂ ಆಗುವುದಿಲ್ಲ. ಒಳಗೆ ಬೇಕಾದ ಕಡತವಿದ್ದರೆ ಪದೇ ಪದೇ ಸಿಕ್ಕಿಸಿ ನೋಡಬೇಡಿ, ಮುಚ್ಚಳ ತೆಗೆದು ಇಣುಕುವುದಂತೂ ಬೇಡವೇ ಬೇಡ. ಹೆಡ್ಡಿಗೂ ತಟ್ಟೆಗೂ ನಡುವಿನ ಆ ಅಂತರದಲ್ಲಿ ಒಂದು ಧೂಳಿನ ಕಣವೂ ಬಂಡೆಯೇ. ರಿಕವರಿಯವರ ಕೈಗೆ ಹಾಗೇ ಕೊಡಿ. ಬೇಕಾದದ್ದೇನೂ ಇಲ್ಲದಿದ್ದರೆ ಇ-ತ್ಯಾಜ್ಯದವರಿಗೆ ಕೊಡಿ. ದೇಶದಲ್ಲಿ 2023ರ ಏಪ್ರಿಲ್‌ನಿಂದ ಜಾರಿಯಲ್ಲಿರುವ ಇ-ತ್ಯಾಜ್ಯ ನಿಯಮಗಳ ಪ್ರಕಾರ ಇದು ನೋಂದಾಯಿತ ಮರುಬಳಕೆ ಘಟಕಕ್ಕೇ ಹೋಗಬೇಕು. ಬೆಂಗಳೂರಿನ ಹತ್ತಿರದ ದಾಬಸ್‌ಪೇಟೆಯ ಇ-ಪರಿಸರದಂಥ ಘಟಕಗಳು ಈ ಕೆಲಸಕ್ಕೆಂದೇ ಇವೆ. ಡಿಸ್ಕಿನ ಹೊರಮೈ ಅಲ್ಯೂಮಿನಿಯಂ, ಹೆಡ್ಡನ್ನು ಓಡಾಡಿಸುವ ಅಯಸ್ಕಾಂತದಲ್ಲಿ ನಿಯೋಡಿಮಿಯಂ ಎಂಬ ವಿರಳ ಲೋಹ, ಎರಡಕ್ಕೂ ಬೆಲೆಯಿದೆ. ಕೊಡುವ ಮೊದಲು ಮಾಹಿತಿ ಯಾರ ಕೈಗೂ ಸಿಗಬಾರದೆಂದು ಡ್ರಿಲ್ ಹಿಡಿದು ತೂತು ಕೊರೆಯುವವರಿದ್ದಾರೆ. ಡೆಸ್ಕ್‌ಟಾಪಿನ ಡಿಸ್ಕಾದರೆ ತಟ್ಟೆ ಸಾಮಾನ್ಯವಾಗಿ ಅಲ್ಯೂಮಿನಿಯಮ್ಮಿನದು, ತೂತು ಬೀಳುತ್ತದೆ. ಲ್ಯಾಪ್‌ಟಾಪಿನದರಲ್ಲಿ ಹೆಚ್ಚಾಗಿ ಗಾಜಿನ ತಟ್ಟೆ. ಡ್ರಿಲ್ ತಾಗಿದೊಡನೆ ನೂರು ಚೂರಾಗಿ ಸಿಡಿಯುತ್ತದೆ. ಕಣ್ಣಿಗೆ ಕನ್ನಡಕ ಹಾಕಿಕೊಂಡು, ಡಿಸ್ಕನ್ನು ದಪ್ಪ ಬಟ್ಟೆಯಲ್ಲಿ ಸುತ್ತಿ, ಮುಚ್ಚಳ ತೆಗೆಯದೆಯೇ ಆ ಕೆಲಸ ಮಾಡಬೇಕು.